ಆಟಗಾರನೂ ಗಡಿಯ ಬಾಗಿಲೂ

ಇಂಗ್ಲೆಂಡಿನಲ್ಲಿ ಕ್ರಿಕೆಟ್ ಋತುವು ಏಪ್ರಿಲ್ ತಿಂಗಳಲ್ಲಿ ಆರಂಭವಾಗಿ ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಮೊದಲು ಬಿಸಿಲೂ ಅದರ ಬೆನ್ನಿಗೇ ಮಳೆಯೂ ಆಟದ ಬಯಲುಗಳನ್ನು ಬರಿದು ಮಾಡುವ ಈ ತಿಂಗಳುಗಳೇ ಅಲ್ಲಿಯ ಹಳ್ಳಿ ಪಟ್ಟಣಗಳ ಕ್ರಿಕೆಟ್ ಸಂಘಗಳಿಗೆ ಸುಗ್ಗಿಯ ಕಾಲ. ಆದುದರಿಂದ, ಇಲ್ಲಿ ಕೈಕಟ್ಟಿ ಕುಳಿತಿರಬೇಕಾದ ಆಟಗಾರನು ಅಲ್ಲಿಗೆ ಹೋಗಿ ಒಂದು ಋತುವನ್ನು ಕಳೆದು ಬರಬೇಕೆಂದು ಬಯಸುವುದು ಸಹಜವೇ ಆಗಿದೆ. ಅಲ್ಲಿಯ ಸಂಘಗಳೂ ಹೊರನಾಡಿನ ಆಟಗಾರನೊಬ್ಬನು ತಮ್ಮಲ್ಲಿಗೆ ಬರಲೆಂದು ಆಶಿಸುತ್ತವೆ. ಕರೆಯುವವನಿಗೂ ಹೋಗುವವನಿಗೂ ಮನಸ್ಸಿರುವಲ್ಲಿ ಕಾರ್ಯವು ಸುಗಮವಾಗಬೇಕಷ್ಟೆ. ಆದರೆ ಈ ಎರಡು ಮನಸ್ಸುಗಳ ನಡುವೆ ವೀಸಾ ಎಂಬ ಬಾಗಿಲೊಂದು ನಿಂತಿದೆ. ಆ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ, ಮುಚ್ಚಿದಾಗ ಅದರ ಪೆಟ್ಟು ಯಾರ ಮೇಲೆ ಬೀಳುತ್ತದೆ ಎಂಬುದನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಆಟದ ವಿಷಯಕ್ಕೆ ಇಷ್ಟು ಗಾಂಭೀರ್ಯವೇತಕ್ಕೆ ಎಂದು ಕೆಲವರು ಕೇಳಬಹುದು. ಕ್ರಿಕೆಟ್ ಆಟವು ಈಗ ನಮ್ಮ ದೇಶದಲ್ಲಿ ಕೇವಲ ವಿನೋದವಾಗಿ ಉಳಿದಿಲ್ಲ. ಸಹಸ್ರಾರು ತರುಣರು ತಮ್ಮ ವಿದ್ಯಾಭ್ಯಾಸವನ್ನು ಹಿಂದಕ್ಕೆ ತಳ್ಳಿ, ತಂದೆತಾಯಿಗಳ ಗಳಿಕೆಯನ್ನು ವೆಚ್ಚ ಮಾಡಿ ಇದನ್ನೇ ಜೀವನೋಪಾಯವೆಂದು ನಂಬಿದ್ದಾರೆ. ಅವರಲ್ಲಿ ರಾಷ್ಟ್ರದ ತಂಡವನ್ನು ಸೇರುವವರು ಬೆರಳೆಣಿಕೆಯವರು. ರಾಜ್ಯದ ತಂಡವನ್ನು ಸೇರುವವರೂ ಅಲ್ಪರೇ. ಉಳಿದವರ ಪಾಡೇನು? ಈ ಉಳಿದವರಿಗೆ ಪರದೇಶದ ಸಂಘಗಳಲ್ಲಿ ಆಡುವ ಅವಕಾಶವೆಂಬುದು ಅನುಭವ, ಅನ್ನ, ಆತ್ಮವಿಶ್ವಾಸ ಮೂರನ್ನೂ ಕೊಡಬಲ್ಲ ದಾರಿಯಾಗಿದೆ. ಅದನ್ನು ಕ್ಷುಲ್ಲಕವೆಂದು ಎಣಿಸುವುದು ನ್ಯಾಯವಲ್ಲ.

ಈ ದಾರಿಯು ಹೊಸದೂ ಅಲ್ಲ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಹತ್ತಿಯ ಗಿರಣಿಗಳ ಊರುಗಳ ನಡುವೆ, ಲ್ಯಾಂಕಷೈರ್ ಲೀಗ್ ಎಂಬ ಸ್ಪರ್ಧೆಯು 1892ರಲ್ಲಿ ಹುಟ್ಟಿತು. ನೆಲ್ಸನ್, ಕೋಲ್ನ್, ಹ್ಯಾಸ್ಲಿಂಗ್ಡನ್, ರಿಷ್ಟನ್, ಅಕ್ರಿಂಗ್ಟನ್ ಮೊದಲಾದ ಸಣ್ಣ ಊರುಗಳ ಸಂಘಗಳು ಅದರಲ್ಲಿ ಸೆಣಸುತ್ತ ಬಂದವು. ತಂಡದಲ್ಲಿ ಸಂಬಳ ಪಡೆಯುವ ಆಟಗಾರನು ಒಬ್ಬನೇ. ಉಳಿದ ಹತ್ತು ಮಂದಿ ವಾರವೆಲ್ಲ ಗಿರಣಿಯಲ್ಲಿಯೋ ಅಂಗಡಿಯಲ್ಲಿಯೋ ಶಾಲೆಯಲ್ಲಿಯೋ ದುಡಿದು ಶನಿವಾರ ಮೈದಾನಕ್ಕೆ ಬರುವ ಊರಿನವರು. ಆ ಒಬ್ಬನು ಜಗತ್ತಿನ ಯಾವ ಮೂಲೆಯಿಂದಲಾದರೂ ಬರಬಹುದಾಗಿತ್ತು. ಊರವರು ಬಾಗಿಲಲ್ಲಿ ಕಾಸು ಕೊಟ್ಟು ಅವನ ಆಟವನ್ನು ನೋಡುತ್ತಿದ್ದರು. ಅವನು ಊರ ಹುಡುಗರಿಗೆ ಆಟವನ್ನು ಕಲಿಸುತ್ತಿದ್ದನು.

ಇಂತಹ ಒಬ್ಬನು ಒಂದು ಊರಿಗೆ ಏನಾಗಬಲ್ಲನೆಂಬುದಕ್ಕೆ ಲಿಯರಿ ಕಾನ್ಸ್ಟಂಟೈನ್ ಅವರಿಗಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ಟ್ರಿನಿಡಾಡಿನಲ್ಲಿ ಹುಟ್ಟಿದ ಈ ಕರಿಯ ಆಟಗಾರರು 1929ರಲ್ಲಿ ನೆಲ್ಸನ್ನಿಗೆ ಬಂದು 1937ರ ವರೆಗೆ ಒಂಬತ್ತು ಋತುಗಳನ್ನು ಅಲ್ಲಿ ಆಡಿದರು. ಆ ಒಂಬತ್ತರಲ್ಲಿ ಏಳು ಸಲ ನೆಲ್ಸನ್ ಸಂಘವು ಲೀಗನ್ನು ಗೆದ್ದಿತು. ಅವರು ಅದೇ ಊರಿನಲ್ಲಿ ಮನೆ ಮಾಡಿದರು. 1943ರಲ್ಲಿ ಲಂಡನ್ನಿನ ಹೋಟೆಲೊಂದು ಬಣ್ಣದ ಕಾರಣದಿಂದ ಅವರನ್ನು ಇರಗೊಡದಿದ್ದಾಗ ನ್ಯಾಯಸ್ಥಾನಕ್ಕೆ ಹೋಗಿ 1944ರಲ್ಲಿ ಗೆದ್ದರು. 1969ರಲ್ಲಿ ಅವರಿಗೆ ಲಾರ್ಡ್ ಪದವಿ ಬಂದಾಗ ಆ ಬಿರುದಿನಲ್ಲಿ ತಾವು ಹುಟ್ಟಿದ ನಾಡಿನ ಮರವಾಲ್ ಎಂಬ ಸ್ಥಳದ ಜೊತೆಗೆ ನೆಲ್ಸನ್ ಊರಿನ ಹೆಸರನ್ನೂ ಸೇರಿಸಿಕೊಂಡರು. ಕೂಲಿಗೆಂದು ಬಂದ ಪರದೇಶದ ಆಟಗಾರನೊಬ್ಬನು ಊರಿಗೆ ಹೇಗೆ ಒಡಹುಟ್ಟಿದವನಂತಾಗುತ್ತಾನೆಂಬುದಕ್ಕೆ ಆ ಬಿರುದೇ ಸಾಕ್ಷಿ.

ನಮ್ಮವರೂ ಈ ದಾರಿಯಲ್ಲಿ ನಡೆದಿದ್ದಾರೆ. 1930ರ ದಶಕದಲ್ಲಿ ಸೌರಾಷ್ಟ್ರದ ವೇಗದ ಬೋಲರ್ ಅಮರ್ ಸಿಂಗ್ ಅವರು ಕೋಲ್ನ್ ಸಂಘದಲ್ಲಿದ್ದರು. 1936ರಲ್ಲಿ ಭಾರತದ ತಂಡವು ಇಂಗ್ಲೆಂಡಿಗೆ ಹೋದಾಗ ಅವರು ಅಲ್ಲಿಂದಲೇ ಬಂದು ಟೆಸ್ಟ್ ಪಂದ್ಯಗಳನ್ನಾಡಿ, ಲಾರ್ಡ್ಸ್ ಮೈದಾನದ ಒಂದು ಸರದಿಯಲ್ಲಿ 35 ಓಟಗಳನ್ನು ಕೊಟ್ಟು 6 ವಿಕೆಟುಗಳನ್ನು ಕಿತ್ತರು. 1952ರ ಕಥೆಯು ಇನ್ನೂ ಪ್ರಸಿದ್ಧವಾದುದು. ವಿನೂ ಮಂಕಡ್ ಅವರಿಗೆ ತಂಡದಲ್ಲಿ ಸ್ಥಾನದ ಭರವಸೆಯನ್ನು ನಮ್ಮ ಮಂಡಲಿಯು ಕೊಡಲಿಲ್ಲವಾಗಿ ಅವರು ಹ್ಯಾಸ್ಲಿಂಗ್ಡನ್ ಸಂಘದೊಡನೆ ಕರಾರು ಮಾಡಿಕೊಂಡರು. ಲೀಡ್ಸಿನ ಮೊದಲ ಟೆಸ್ಟಿನಲ್ಲಿ ಒಂದು ಓಟವೂ ಬರುವುದಕ್ಕೆ ಮುಂಚೆಯೇ ಭಾರತದ ನಾಲ್ಕು ವಿಕೆಟುಗಳು ಉರುಳಿದ ಮೇಲೆ ಮಂಡಲಿಗೆ ಅವರ ನೆನಪು ಬಂದಿತು. ಸಂಘವನ್ನು ಕೇಳಿಕೊಂಡು ಅವರನ್ನು ಬಿಡಿಸಿ ತಂದರು. ಲಾರ್ಡ್ಸಿನಲ್ಲಿ ಅವರು 72 ಮತ್ತು 184 ಓಟಗಳನ್ನು ಹೊಡೆದು, 73 ಓವರುಗಳನ್ನು ಬೋಲ್ ಮಾಡಿ 5 ವಿಕೆಟುಗಳನ್ನು ಪಡೆದರು. ಭಾರತವು ಸೋತಿತು, ಆದರೂ ಆ ಪಂದ್ಯವು ಇಂದಿಗೂ ಮಂಕಡರ ಹೆಸರಿನಿಂದಲೇ ನೆನಪಿನಲ್ಲಿದೆ. ಮುಂದೆ ಸುಭಾಷ್ ಗುಪ್ತೆಯವರು ರಿಷ್ಟನ್ನಿನಲ್ಲಿಯೂ, 1981ರಲ್ಲಿ ಕಪಿಲ್ ದೇವ್ ಅವರು ಅದೇ ನೆಲ್ಸನ್ನಿನಲ್ಲಿಯೂ ಆಡಿದರು.

ಅಮರ್ ಸಿಂಗ್, ಮಂಕಡ್ ಮೊದಲಾದವರ ಕಾಲದಲ್ಲಿ ಈ ಬಾಗಿಲು ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಸಾಮ್ರಾಜ್ಯದ ಪ್ರಜೆಗಳೆಂದೂ, 1948ರ ಬ್ರಿಟಿಷ್ ರಾಷ್ಟ್ರೀಯತಾ ಶಾಸನದ ನಂತರ ಕಾಮನ್‌ವೆಲ್ತ್ ಪ್ರಜೆಗಳೆಂದೂ ಅವರು ಆ ದೇಶವನ್ನು ಪ್ರವೇಶಿಸಬಹುದಾಗಿತ್ತು. 1962ರಲ್ಲಿ ಕಾಮನ್‌ವೆಲ್ತ್ ವಲಸೆಗಾರರ ಶಾಸನವು ಬಂದು, ಕೆಲಸಕ್ಕೆ ಬರುವವರಿಗೆ ಚೀಟಿಯ ಕಟ್ಟಳೆಯನ್ನು ವಿಧಿಸಿತು. 1971ರ ವಲಸೆ ಶಾಸನವು ಇನ್ನೂ ಬಿಗಿಯಾಗಿ, ಆ ನೆಲದೊಡನೆ ರಕ್ತಸಂಬಂಧವುಳ್ಳವರನ್ನು ಒಂದು ಕಡೆಗೂ ಇಲ್ಲದವರನ್ನು ಇನ್ನೊಂದು ಕಡೆಗೂ ನಿಲ್ಲಿಸಿತು. 1986ರಲ್ಲಿ ಭಾರತದಿಂದ ಕೇವಲ ಸಂದರ್ಶನಕ್ಕೆ ಹೋಗುವವರಿಗೂ ಮುಂಚಿತವಾಗಿ ವೀಸಾ ಪಡೆಯುವುದು ಕಡ್ಡಾಯವಾಯಿತು. ಹೀಗೆ ನಾಲ್ಕು ದಶಕಗಳೊಳಗೆ, ಹಡಗು ಹತ್ತಿ ಹೋಗಿ ಆಡಬಹುದಾಗಿದ್ದ ಆಟಕ್ಕೆ ಅರ್ಜಿ, ರುಜುವಾತು, ಶುಲ್ಕಗಳ ಕಟ್ಟು ಬಂದು ಸೇರಿತು.

ಸ್ವತಂತ್ರವಾದ ಯಾವ ದೇಶಕ್ಕೇ ಆಗಲಿ ತನ್ನ ಗಡಿಯೊಳಗೆ ಯಾರು ಬರತಕ್ಕದ್ದು, ಬಂದು ಏನು ಮಾಡತಕ್ಕದ್ದು ಎಂದು ನಿರ್ಣಯಿಸುವ ಹಕ್ಕುಂಟು. ಈ ಹಕ್ಕಿಗಾಗಿಯೇ ಹೋರಾಡಿದ ನಾವು ಪರರಿಗೆ ಅದನ್ನು ಇಲ್ಲವೆನ್ನಲಾರೆವು. ಆಟದ ನೆಪದಿಂದ ಒಳಹೊಕ್ಕು ಕಣ್ಮರೆಯಾಗುವವರನ್ನು ತಡೆಯುವುದೂ, ತಮ್ಮ ದೇಶದ ವೃತ್ತಿಗಾರರ ಕೂಲಿಯನ್ನು ಕಾಪಾಡುವುದೂ ಆ ಸರ್ಕಾರದವರ ಕರ್ತವ್ಯವೇ ಸರಿ. ನಮ್ಮ ವಾದವು ಬಾಗಿಲಿರಬಾರದೆಂದಲ್ಲ. ಬಾಗಿಲ ಮೇಲಿನ ಬರಹವು ಸ್ಪಷ್ಟವಾಗಿರಬೇಕು; ಒಳಬಿಡುವ ಅಳತೆಗೋಲು ಎಲ್ಲರಿಗೂ ಒಂದೇ ಆಗಿರಬೇಕು. ಈಗಿನ ಏರ್ಪಾಡಿನಲ್ಲಿ ಈ ಎರಡೂ ಇಲ್ಲವೆಂಬುದೇ ನಮ್ಮ ಆಕ್ಷೇಪಣೆ.

ಏರ್ಪಾಡು ಹೀಗಿದೆ. ಬ್ರಿಟನ್ನಿನ ನಿಯಮಗಳು ಆಟಗಾರರನ್ನು ವೃತ್ತಿಗಾರರೆಂದೂ ಹವ್ಯಾಸಿಗಳೆಂದೂ ವಿಂಗಡಿಸುತ್ತವೆ. ವೃತ್ತಿಗಾರನಿಗೆ 2021ರ ಅಕ್ಟೋಬರಿನಿಂದ ಅಂತರರಾಷ್ಟ್ರೀಯ ಕ್ರೀಡಾಪಟುವಿನ ವೀಸಾ ಎಂಬುದೊಂದಿದೆ. ಅದು ದೊರೆಯಬೇಕಾದರೆ ಕರೆಸಿಕೊಳ್ಳುವ ಸಂಘವು ಸರ್ಕಾರದಿಂದ ಪರವಾನಗಿ ಪಡೆದಿರಬೇಕು. ಆಟಗಾರನು ಸಾಕಷ್ಟು ಉನ್ನತ ಮಟ್ಟದವನೆಂದು ಆ ಆಟದ ಆಡಳಿತ ಮಂಡಲಿಯು, ಎಂದರೆ ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಲಿಯು, ಒಪ್ಪಿಗೆ ಕೊಡಬೇಕು. ಹವ್ಯಾಸಿಗೆ ಬೇರೆ ದಾರಿ: ಅವನು ಸಂದರ್ಶಕನಾಗಿ ಹೋಗಿ, ಅನುಭವಕ್ಕಾಗಿ ಹವ್ಯಾಸಿಗಳ ತಂಡವೊಂದನ್ನು ಸೇರಿ ಆಡಬಹುದು, ಕೂಲಿ ಪಡೆಯತಕ್ಕದ್ದಲ್ಲ. ಕೇಳುವುದಕ್ಕೆ ಇದು ಸರಳವಾಗಿಯೇ ಇದೆ. ತೊಡಕಿರುವುದು ವೃತ್ತಿಗಾರನೆಂದರೆ ಯಾರು ಎಂಬ ವ್ಯಾಖ್ಯಾನದಲ್ಲಿ.

ಆ ವ್ಯಾಖ್ಯಾನದ ಬಲೆಯು ಎಷ್ಟು ವಿಶಾಲವಾಗಿದೆಯೆಂಬುದನ್ನು ವಾಚಕರು ನೋಡಲಿ. ಹಣ ಪಡೆದವನು ಮಾತ್ರವೇ ವೃತ್ತಿಗಾರನಲ್ಲ. ಪ್ರಯಾಣಕ್ಕೂ ಅಲ್ಲಿಯ ಜೀವನಕ್ಕೂ ತಗಲುವ ವೆಚ್ಚದ ಬಹುಭಾಗವನ್ನು ಸಂಘವು ಯಾವ ರೂಪದಲ್ಲಿ ವಹಿಸಿದರೂ, ವಿಮಾನದ ಟಿಕೆಟ್ಟನ್ನೂ ಇರಲು ಕೋಣೆಯನ್ನೂ ಕೊಟ್ಟರೂ ಸಹ, ಅವನು ವೃತ್ತಿಗಾರ. ಹಿಂದಿನ ನಾಲ್ಕು ವರ್ಷಗಳಲ್ಲಿ ಹಾಗೆ ಪಡೆದಿದ್ದರೂ ವೃತ್ತಿಗಾರ. ಹಿಂದಿನ ಎರಡು ವರ್ಷಗಳಲ್ಲಿ ತನ್ನ ರಾಷ್ಟ್ರದ ಅಥವಾ ರಾಜ್ಯದ ಪರವಾಗಿ, ಹದಿನೇಳು ವರ್ಷಕ್ಕೆ ಒಳಪಟ್ಟವರ ತಂಡದಲ್ಲಾದರೂ, ಆಡಿದ್ದರೆ ವೃತ್ತಿಗಾರ. ಆಟದ ಅವಕಾಶ ಹುಡುಕಿಕೊಡಲು ಕಳೆದ 12 ತಿಂಗಳಲ್ಲಿ ಒಬ್ಬ ಪ್ರತಿನಿಧಿಯನ್ನು ಗೊತ್ತುಮಾಡಿಕೊಂಡಿದ್ದರೆ ಅಷ್ಟರಿಂದಲೇ ವೃತ್ತಿಗಾರ. ಇತ್ತ ಹವ್ಯಾಸಿಯೆಂದರೆ ಕೇವಲ ತನ್ನ ಸಂತೋಷಕ್ಕಾಗಿ ಆಡತಕ್ಕವನು, ಆ ಆಟದಿಂದ ಜೀವನ ಸಾಗಿಸಲು ಬಯಸದವನು.

ಈಗ ನಮ್ಮ ರಾಜ್ಯದ ಯಾವುದಾದರೊಂದು ಜಿಲ್ಲೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಕಿರಿಯರ ತಂಡದಲ್ಲಿ ರಾಜ್ಯದ ಪರವಾಗಿ ಎರಡು ಪಂದ್ಯಗಳನ್ನಾಡಿದ್ದಾನೆ. ಆ ಎರಡು ಪಂದ್ಯಗಳ ಕಾರಣದಿಂದ ಅವನು ಹವ್ಯಾಸಿಯಲ್ಲ. ಹವ್ಯಾಸಿಯ ಬಾಗಿಲು ಮುಚ್ಚಿತು. ಆದರೆ ಪ್ರಥಮ ದರ್ಜೆಯ ಆಟವನ್ನು ಅವನಿನ್ನೂ ಆಡಿಲ್ಲವಾದುದರಿಂದ ಉನ್ನತ ಮಟ್ಟದವನೆಂದು ಅಲ್ಲಿಯ ಮಂಡಲಿಯು ಒಪ್ಪುವ ಸಂಭವವೂ ಕಡಿಮೆ. ವೃತ್ತಿಗಾರನ ಬಾಗಿಲೂ ಮುಚ್ಚಿದಂತೆಯೇ. ಒಂದು ಬಾಗಿಲಿಗೆ ಅವನು ಮಿತಿಮೀರಿ ದೊಡ್ಡವನು, ಇನ್ನೊಂದಕ್ಕೆ ಮಿತಿಮೀರಿ ಸಣ್ಣವನು. ಅತ್ತ ದಡವೂ ಇಲ್ಲ, ಇತ್ತ ದಡವೂ ಇಲ್ಲ. ಪ್ರಸಿದ್ಧರಿಗೆ ಈ ತೊಂದರೆಯಿಲ್ಲ. ಅವರಿಗೆ ಕೌಂಟಿಗಳೇ ಎಲ್ಲ ಏರ್ಪಾಡನ್ನೂ ಮಾಡುತ್ತವೆ. ಅನುಭವದ ಅಗತ್ಯವು ಯಾರಿಗೆ ಹೆಚ್ಚೋ ಅವನಿಗೇ ಅದು ದುರ್ಲಭವಾಗಿರುವುದು ಈ ನಿಯಮಗಳ ವಿಪರ್ಯಾಸ.

ಇಂತಹ ಸಂದಿಯಲ್ಲಿಯೇ ದಲ್ಲಾಳಿಯು ತಲೆಯಿಡುತ್ತಾನೆ. ಸಂದರ್ಶಕನ ವೀಸಾ ಸಾಕು, ಬಂಧುಗಳನ್ನು ನೋಡಲು ಹೋಗುತ್ತೇನೆಂದು ಬರೆ, ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ ಎನ್ನುವವರಿಗೆ ಯಾವ ಊರಿನಲ್ಲಿಯೂ ಬರವಿಲ್ಲ. ಆ ಮಾತನ್ನು ನಂಬಿದ ಹುಡುಗನ ಗತಿಯನ್ನು ಯೋಚಿಸಬೇಕು. ಅರ್ಜಿಯಲ್ಲಿ ಮೋಸವಿದೆಯೆಂದು ಅಲ್ಲಿಯ ಅಧಿಕಾರಿಗಳು ನಿರ್ಣಯಿಸಿದರೆ ಮುಂದಿನ 10 ವರ್ಷಗಳವರೆಗೆ ಅವನ ಅರ್ಜಿಗಳು ತಿರಸ್ಕೃತವಾಗಬಹುದು. ಆಟಗಾರನ ಬಾಳಿನಲ್ಲಿ ಹತ್ತು ವರ್ಷವೆಂದರೆ ಇಡೀ ಬಾಳೇ. ಅತ್ತ, ಅನುಮತಿಯಿಲ್ಲದವನನ್ನು ಕೆಲಸಕ್ಕಿಟ್ಟುಕೊಂಡ ಸಂಘಕ್ಕೆ 2024ರ ಫೆಬ್ರವರಿಯಿಂದ ಮೊದಲ ತಪ್ಪಿಗೇ ತಲೆಗೆ 45,000 ಪೌಂಡುಗಳವರೆಗೆ ದಂಡ ಬೀಳಬಹುದಾಗಿದೆ. ಶನಿವಾರದ ಚಹಾ ಮಾರಿ ಮೈದಾನದ ಹುಲ್ಲನ್ನು ಕತ್ತರಿಸುವ ಸಣ್ಣ ಊರಿನ ಸಂಘವು ಈ ದಂಡವನ್ನು ತೆತ್ತು ಉಳಿಯಲಾರದು. ದಂಡವು ಹುಡುಗನಿಗೂ ಸಂಘಕ್ಕೂ. ದಲಾಲಿಯ ಹಣ ಮಾತ್ರ ದಲ್ಲಾಳಿಯ ಜೇಬಿನಲ್ಲಿ.

ಇನ್ನು ಸಮಾನತೆಯ ಮಾತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ದೇಶಗಳ ತರುಣರಿಗೆ ತರುಣ ಸಂಚಾರದ ಏರ್ಪಾಡಿನಲ್ಲಿ 35 ವರ್ಷದ ವರೆಗೂ ಬ್ರಿಟನ್ನಿಗೆ ಹೋಗಲು ಅವಕಾಶವಿದೆ. ಆಸ್ಟ್ರೇಲಿಯದವರಿಗೆ ವರ್ಷಕ್ಕೆ ಹತ್ತಾರು ಸಾವಿರ ಸ್ಥಾನಗಳು. ಭಾರತದ ತರುಣರಿಗೂ 2023ರಲ್ಲಿ ಅಂತಹುದೊಂದು ಏರ್ಪಾಡು ಆರಂಭವಾಯಿತು. ಆದರೆ ಅದರಲ್ಲಿ ವರ್ಷಕ್ಕೆ ಸುಮಾರು 3,000 ಸ್ಥಾನಗಳು, ವಯಸ್ಸು 30ರ ಒಳಗೆ, ಪದವೀಧರನಾಗಿರಬೇಕು, ಅದರ ಮೇಲೆ ಚೀಟಿ ಎತ್ತಿದಾಗ ಹೆಸರು ಬರಬೇಕು. ಈ ಎರಡು ಏರ್ಪಾಡುಗಳಲ್ಲಿಯೂ ವೃತ್ತಿಯಾಗಿ ಕ್ರೀಡೆಯನ್ನಾಡುವುದು ನಿಷಿದ್ಧವೆಂಬುದು ನಿಜ. ಆದರೆ ವಾರವೆಲ್ಲ ಬೇರೆ ಕೆಲಸ ಮಾಡಿ ತನ್ನ ಅನ್ನವನ್ನು ತಾನೇ ಸಂಪಾದಿಸಿಕೊಂಡು ಶನಿವಾರ ಸಂತೋಷಕ್ಕಾಗಿ ಆಡುವ ಸೌಕರ್ಯವು ಸಿಡ್ನಿಯ ಹುಡುಗನಿಗೆ ಸುಲಭ, ಶಿವಮೊಗ್ಗದ ಹುಡುಗನಿಗೆ ಅದೃಷ್ಟದ ಆಟ. ಇದಲ್ಲದೆ, ಬ್ರಿಟನ್ನಿನಲ್ಲಿ ಹುಟ್ಟಿದ ಅಜ್ಜನೋ ಅಜ್ಜಿಯೋ ಇದ್ದ ಕಾಮನ್‌ವೆಲ್ತ್ ಪ್ರಜೆಗೆ ಪೂರ್ವಜರ ಸಂಬಂಧದ ವೀಸಾ ಬೇರೆಯೇ ಇದೆ. ಅದನ್ನು ಪಡೆದವನು ಅಲ್ಲಿ ದುಡಿಯುವುದಕ್ಕೆ ಯಾರ ಪರವಾನಗಿಗೂ ಕಾಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ಅಜ್ಜಿಯು ಮೆಲ್ಬೋರ್ನಿನ ಆಟಗಾರನಿಗೆ ಇರುವುದು ಸಂಭವ, ಮೈಸೂರಿನವನಿಗೆ ಅಪೂರ್ವ. ನಿಯಮದಲ್ಲಿ ಬಣ್ಣದ ಹೆಸರಿಲ್ಲ, ಫಲದಲ್ಲಿ ಭೇದವಿದೆ.

ಹೊರಗಿನವರು ಬಂದರೆ ಊರಿನ ಹುಡುಗರಿಗೆ ಸ್ಥಾನ ತಪ್ಪುತ್ತದೆಯಲ್ಲವೇ ಎಂಬ ಪ್ರತಿವಾದವೊಂದುಂಟು. ಇದು ತಳ್ಳಿಹಾಕತಕ್ಕ ಮಾತಲ್ಲ. ಆದರೆ ಅದಕ್ಕೆ ಪರಿಹಾರವು ಲೀಗುಗಳಲ್ಲಿಯೇ ಇದೆ. ತಂಡಕ್ಕೆ ಒಬ್ಬನೇ ಎಂಬ ಲ್ಯಾಂಕಷೈರಿನ ಕಟ್ಟಳೆಯಿಂದ ಹತ್ತು ಸ್ಥಾನಗಳು ಊರವರಿಗೇ ಉಳಿದವು; ಆ ಒಬ್ಬನ ಜೊತೆಯಲ್ಲಿ ಆಡಿ ಆ ಹತ್ತು ಮಂದಿಯೂ ಬೆಳೆದರು. ನಮ್ಮ ಐ.ಪಿ.ಎಲ್. ಪಂದ್ಯಾವಳಿಯಲ್ಲಿಯೂ ಹನ್ನೊಂದರಲ್ಲಿ ಪರದೇಶದವರು ನಾಲ್ವರನ್ನು ಮೀರುವಂತಿಲ್ಲ. ಹಾಗೆ ಬಂದವರಿಂದ ನಮ್ಮ ಆಟವು ಬಡವಾಯಿತೆಂದು ಯಾರೂ ಹೇಳಲಾರರು. 2013ರ ಏಪ್ರಿಲಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಜಮೈಕದ ಕ್ರಿಸ್ ಗೇಲ್ ಅವರು ಔಟಾಗದೆ 175 ಓಟಗಳನ್ನು ಹೊಡೆದಾಗಲೂ, ದಕ್ಷಿಣ ಆಫ್ರಿಕದ ಡಿವಿಲಿಯರ್ಸ್ ಅವರು ವರ್ಷ ವರ್ಷವೂ ಬಂದು ಆಡಿದಾಗಲೂ, ಬೆಂಗಳೂರಿನ ಜನರು ಅವರ ರಹದಾರಿಯನ್ನು ನೋಡಲಿಲ್ಲ. ನಮ್ಮವರೆಂದೇ ಕೂಗಿ ಕರೆದರು. ನೆಲ್ಸನ್ನಿನವರು ಕಾನ್ಸ್ಟಂಟೈನರಿಗೆ ಮಾಡಿದುದನ್ನೇ ಬೆಂಗಳೂರಿನವರು ಇವರಿಗೆ ಮಾಡಿದರು. ಎಷ್ಟು ಮಂದಿ ಎಂಬುದನ್ನು ಆಟದ ಸಂಸ್ಥೆಯು ಗೊತ್ತುಮಾಡಿದರೆ ಸಾಕು. ಅದನ್ನು ವೀಸಾದ ಕಚೇರಿಯಲ್ಲಿ ಕುಳಿತ ಗುಮಾಸ್ತೆಯು ಅಳೆಯಬೇಕಾಗಿಲ್ಲ.

ಆದುದರಿಂದ ಬ್ರಿಟಿಷ್ ಸರ್ಕಾರದವರು ಮಾಡಬೇಕಾದುದು ದೊಡ್ಡ ಕಾರ್ಯವೇನೂ ಅಲ್ಲ. ಸಂಘಗಳ ಮಟ್ಟದ ಆಟಗಾರನಿಗೆಂದೇ ಒಂದು ಋತುವಿನ ಅನುಮತಿಯೊಂದನ್ನು ಅವರು ಏರ್ಪಡಿಸಬಹುದು. ಸಂಘಕ್ಕೆ ಒಬ್ಬನು, ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ, ಊಟ ವಸತಿ ಮತ್ತು ಮಿತವಾದ ಗೌರವಧನ, ಋತು ಮುಗಿದೊಡನೆ ಹಿಂತಿರುಗುವ ಕರಾರು, ಅವನ ನಡತೆಗೆ ಕರೆಸಿದ ಸಂಘದ್ದೂ ಕಳುಹಿಸಿದ ಸಂಸ್ಥೆಯದೂ ಹೊಣೆ. ಕಾಮನ್‌ವೆಲ್ತ್ ದೇಶಗಳ ಎಲ್ಲರಿಗೂ ಇದೇ ಅಳತೆ. ಇಷ್ಟು ಮಾಡಿದರೆ ಕಳ್ಳದಾರಿಯ ಆಕರ್ಷಣೆಯು ತಾನಾಗಿಯೇ ಕುಗ್ಗುತ್ತದೆ. ನೇರವಾದ ದಾರಿಯಿಲ್ಲದಲ್ಲಿ ಅಡ್ಡದಾರಿಗಳು ಹುಟ್ಟುವುದು ಲೋಕದ ನಿಯಮ.

ಪರರಿಗೆ ಇಷ್ಟು ಹೇಳಿದ ಮೇಲೆ ನಮ್ಮವರನ್ನು ಕೇಳದೆ ಬಿಡುವುದು ಸರಿಯಾಗದು. ನಮ್ಮ ಕ್ರಿಕೆಟ್ ಮಂಡಲಿಯೂ ಒಂದು ಬಾಗಿಲನ್ನು ಕಾಯುತ್ತಿದೆ. ಭಾರತದಲ್ಲಿ ಆಡುತ್ತಿರುವ ಪುರುಷ ಆಟಗಾರರು ಪರದೇಶದ ಟಿ-20 ಲೀಗುಗಳಲ್ಲಿ ಆಡಲು ಮಂಡಲಿಯು ಒಪ್ಪಿಗೆ ಕೊಡುವುದಿಲ್ಲ. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಅವರು 2022ರಲ್ಲಿ ಭಾರತದ ಎಲ್ಲ ಬಗೆಯ ಕ್ರಿಕೆಟ್ಟಿನಿಂದ ನಿವೃತ್ತರಾದ ಮೇಲೆಯೇ 2023ರಲ್ಲಿ ದುಬೈಯ ಲೀಗಿನಲ್ಲಿ ಆಡಲು ಸಾಧ್ಯವಾಯಿತು. ರಾಷ್ಟ್ರದ ತಂಡಕ್ಕೆ ಬೇಕಾದವರನ್ನು ಮಂಡಲಿಯು ಕಾದಿರಿಸಿಕೊಳ್ಳಲಿ. ಆದರೆ ತಾನೂ ಕರೆಯದೆ, ಪರರ ಕರೆಗೂ ಹೋಗಗೊಡದೆ ಒಬ್ಬನನ್ನು ನಡುವೆ ನಿಲ್ಲಿಸುವುದು ಯಾವ ನ್ಯಾಯ?

ಪರದೇಶದ ಮೈದಾನವು ಕೈಬಿಟ್ಟವನನ್ನು ಹೇಗೆ ಮೇಲೆತ್ತಬಲ್ಲದೆಂಬುದಕ್ಕೆ ಕರ್ನಾಟಕದ ಕರುಣ್ ನಾಯರ್ ಅವರನ್ನೇ ನೋಡಬಹುದು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಔಟಾಗದೆ 303 ಓಟಗಳನ್ನು ಗಳಿಸಿದ ಇವರು 2017ರ ಮಾರ್ಚಿಯ ನಂತರ ಟೆಸ್ಟ್ ತಂಡದಿಂದ ಹೊರಗುಳಿದರು. ಕಡೆಗೆ ತಮ್ಮ ರಾಜ್ಯದ ತಂಡದಲ್ಲಿಯೂ ಸ್ಥಾನ ಕಳೆದುಕೊಂಡರು. ವಿದರ್ಭವು ಅವರಿಗೆ ಆಶ್ರಯ ಕೊಟ್ಟಿತು. ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರ್ ಕೌಂಟಿಯು 2023ರಲ್ಲಿಯೂ 2024ರಲ್ಲಿಯೂ ಆಡಲು ಕರೆಯಿತು. 2024ರಲ್ಲಿ ಗ್ಲಮಾರ್ಗನ್ ತಂಡದೆದುರು ಔಟಾಗದೆ 202 ಓಟಗಳನ್ನು ಹೊಡೆದರು. 2025ರಲ್ಲಿ, ಎಂಟು ವರ್ಷಗಳ ಮೇಲೆ, ಅದೇ ಇಂಗ್ಲೆಂಡಿನ ನೆಲದಲ್ಲಿ ಮತ್ತೆ ಭಾರತದ ಟೆಸ್ಟ್ ತಂಡದಲ್ಲಿ ನಿಂತರು. ಅವರಿಗೆ ಹೆಸರಿತ್ತು, ಬಾಗಿಲು ತೆರೆಯಿತು. ಹೆಸರಿಲ್ಲದ ನೂರಾರು ಮಂದಿಗೆ ಆ ಬಾಗಿಲನ್ನು ತಟ್ಟುವ ಬಗೆಯೂ ತಿಳಿಯದು. ರಾಜ್ಯದ ಕ್ರಿಕೆಟ್ ಸಂಸ್ಥೆಗಳಲ್ಲಿ ಹಣಕ್ಕೆ ಕೊರತೆಯಿಲ್ಲ. ಪ್ರತಿಯೊಂದು ಸಂಸ್ಥೆಯೂ ಒಬ್ಬ ತಿಳಿದ ಅಧಿಕಾರಿಯನ್ನು ನೇಮಿಸಿ, ಪರದೇಶದಲ್ಲಿ ಆಡಲು ಹೋಗುವವರಿಗೆ ನಿಯಮಗಳನ್ನು ಕನ್ನಡದಲ್ಲಿ ತಿಳಿಸಿ, ಕರಾರು ಪತ್ರವನ್ನು ಓದಿನೋಡಿ, ಕರೆಯುವ ಸಂಘದ ಸಾಚಾತನವನ್ನು ವಿಚಾರಿಸಿ ಕಳುಹಿಸಿದರೆ ದಲ್ಲಾಳಿಗಳ ಅಂಗಡಿ ತಾನೇ ಮುಚ್ಚುತ್ತದೆ. ಇದಕ್ಕೆ ಹೊಸ ಶಾಸನವೂ ಬೇಡ, ಪರರ ಕೃಪೆಯೂ ಬೇಡ.

ನಮ್ಮ ಭಾರತ ಸರ್ಕಾರದವರಿಗೂ ಒಂದು ಮಾತು. 2023ರ ಫೆಬ್ರವರಿಯಲ್ಲಿ ಪಾಕಿಸ್ತಾನದಲ್ಲಿ ಹುಟ್ಟಿದ ಆಸ್ಟ್ರೇಲಿಯದ ಆಟಗಾರ ಉಸ್ಮಾನ್ ಖ್ವಾಜಾ ಅವರಿಗೆ ನಮ್ಮ ವೀಸಾ ತಡವಾಗಿ, ತಂಡದ ಸಂಗಡ ಹೊರಡಲಾಗಲಿಲ್ಲ. 2024ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿಯೇ ಹುಟ್ಟಿ ಬೆಳೆದ, ಪಾಕಿಸ್ತಾನಿ ಮೂಲದ ಶೋಯಬ್ ಬಷೀರ್ ಎಂಬ ತರುಣ ಬೋಲರನಿಗೆ ವೀಸಾ ಸಕಾಲಕ್ಕೆ ದೊರೆಯದೆ ಹೈದರಾಬಾದಿನ ಟೆಸ್ಟ್ ಪಂದ್ಯವೇ ತಪ್ಪಿತು. ಮುಂದೆ ವಿಶಾಖಪಟ್ಟಣದಲ್ಲಿ ಆತನು ತನ್ನ ಮೊದಲ ಟೆಸ್ಟನ್ನು ಆಡಿದನು. ದೇಶದ ರಕ್ಷಣೆಗಾಗಿ ವಿಚಾರಣೆ ನಡೆಸುವುದು ಅವಶ್ಯವೇ. ಆದರೆ ತಿಂಗಳುಗಳ ಮುಂಚೆಯೇ ಗೊತ್ತಾಗಿದ್ದ ಪ್ರವಾಸಕ್ಕೆ ಆ ವಿಚಾರಣೆಯು ಸಕಾಲಕ್ಕೆ ಮುಗಿಯಬಾರದೇಕೆ? ಅಜ್ಜನು ಎಲ್ಲಿ ಹುಟ್ಟಿದನೆಂದು ನೋಡಿ ಆಟಗಾರನನ್ನು ಅಳೆಯುವುದು ಇಂಗ್ಲೆಂಡಿನಲ್ಲಿ ತಪ್ಪಾದರೆ ನಮ್ಮಲ್ಲಿಯೂ ತಪ್ಪೇ. ನಮ್ಮ ಹುಡುಗರಿಗಾಗಿ ನ್ಯಾಯ ಕೇಳುವ ಬಾಯಿಯು ಗಟ್ಟಿಯಾಗಿರಬೇಕಾದರೆ ನಮ್ಮ ಹೊಸ್ತಿಲು ಚೊಕ್ಕಟವಾಗಿರಬೇಕು.

ಕಡೆಯದಾಗಿ ನಮ್ಮ ತರುಣರಿಗೆ ಹೇಳುವುದಿಷ್ಟು. ಪರದೇಶಕ್ಕೆ ಹೋಗಿ ಆಡುವ ಆಸೆಯು ಪ್ರಶಂಸನೀಯವಾದುದು. ಆದರೆ ಸುಳ್ಳು ಕಾಗದದ ಮೇಲೆ ಹೋಗಬೇಡಿ. ಅರ್ಜಿಗೆ ಸಹಿ ಹಾಕುವವರು ನೀವು, ದಲ್ಲಾಳಿಯಲ್ಲ. ಉತ್ತರ ಹೇಳಬೇಕಾದವರೂ ನೀವೇ. ಕರೆಯುವ ಸಂಘವು ಏನನ್ನು ಕೊಡುತ್ತದೆ, ಯಾವ ವೀಸಾದ ಮೇಲೆ ಕರೆಸಿಕೊಳ್ಳುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬರೆದುಕೊಡಲು ಹಿಂಜರಿಯುವವನ ಮಾತಿನಲ್ಲಿ ನಂಬಿಕೆಯಿಡಬೇಡಿ. ಒಂದು ಋತು ತಪ್ಪಿದರೆ ಮತ್ತೊಂದು ಬರುತ್ತದೆ. ಹತ್ತು ವರ್ಷ ಬಾಗಿಲು ಮುಚ್ಚಿದರೆ ಆಟಗಾರನಿಗೆ ಮುಂದೆ ಋತುವೇ ಇಲ್ಲ.

ಪಾರ್ಲಿಮೆಂಟಿನಲ್ಲಿ ಕ್ರೀಡೆಯ ವಿಷಯದಲ್ಲಿ ಆಸಕ್ತಿ ತೋರುವ ನಮ್ಮ ಪ್ರತಿನಿಧಿಗಳು ಅನೇಕರಿದ್ದಾರೆ. ಉಭಯ ದೇಶಗಳ ನಡುವೆ ವ್ಯಾಪಾರ, ವಿದ್ಯಾರ್ಥಿಗಳು, ನೌಕರರು ಮೊದಲಾದ ವಿಷಯಗಳಲ್ಲಿ ಸಂಧಾನಗಳು ನಡೆಯುವಾಗ ಈ ಸಣ್ಣ ಪ್ರಶ್ನೆಯನ್ನೂ ಮೇಜಿನ ಮೇಲಿಡುವಂತೆ ಅವರು ಸರ್ಕಾರವನ್ನು ಒತ್ತಾಯಪಡಿಸಬೇಕು. ಲ್ಯಾಂಕಷೈರಿನ ಗಿರಣಿಯೂರುಗಳಿಗೆ ಅಮರ್ ಸಿಂಗ್ ಮತ್ತು ಮಂಕಡರು ಹೋದಾಗ ಆ ಊರುಗಳು ಕಳೆದುಕೊಂಡದ್ದೇನೂ ಇಲ್ಲ, ಪಡೆದದ್ದೇ ಹೆಚ್ಚು. ಅವರ ಹಿಂದೆ ಬರುತ್ತಿರುವ ಹುಡುಗರು ಬೇಡುವುದು ದಾನವನ್ನಲ್ಲ. ಎಲ್ಲರಿಗೂ ಒಂದೇ ಆದ ನಿಯಮವನ್ನು, ಅದೂ ಓದಿದರೆ ಅರ್ಥವಾಗುವ ನಿಯಮವನ್ನು. ಮುಂದಿನ ಏಪ್ರಿಲಿನಲ್ಲಿ ಅಲ್ಲಿ ಆಟ ಆರಂಭವಾಗುವುದಕ್ಕೆ ಮುಂಚೆ ನಮ್ಮ ರಾಜ್ಯದ ಸಂಸ್ಥೆಯಾದರೂ ತನ್ನ ಕೈಯಲ್ಲಿರುವಷ್ಟನ್ನು ಮಾಡಿ ಇತರರಿಗೆ ಮೇಲ್ಪಂಕ್ತಿಯಾಗಲೆಂದು ನಾವು ಹಾರೈಸುತ್ತೇವೆ.